ಸ್ಟ್ಯಾಂಪ್ ಪೇಪರ್ ನಂಬ್ಕೊಂಡು ಕೋವಿ ಮನೆಗೆ ತರಬೇಡಿ

ಮೊನ್ನೆ ಸಕಲೇಶಪುರ ಕಡೆ ಇರೋ ನಮ್ಮ ಚಿಕ್ಕಪ್ಪನ ಮಗ ಫೋನ್ ಮಾಡಿದ್ದ. ಪಕ್ಕದ ಎಸ್ಟೇಟಿನವರು ತೋಟ ಮಾರಿ ಬೆಂಗಳೂರಿಗೆ ಹೋಗ್ತಿದಾರಂತೆ, ಅವರ ಜೋಡಿ ನಳಿಗೆ ಕೋವಿ ಕಮ್ಮಿ ರೇಟಿಗೆ ಕೊಡ್ತೀನಿ ಅಂದಿದಾರಂತೆ, ನಂಗೂ ಲೈಸೆನ್ಸ್ ಇದೆ ಅವರಿಗೂ ಇದೆ, ನಾಳೆ ಬೆಳಿಗ್ಗೆ ಜೀಪ್ ತಗೊಂಡೋಗಿ ತರ್ತೀನಿ ಅಣ್ಣ ಅಂದ. ಕೇಳಿ ನಂಗೆ ಕೈಕಾಲು ತಣ್ಣಗಾಯ್ತು. ಯಾಕಂದ್ರೆ ಇದೇ ಮಾತು ಹೇಳ್ಕೊಂಡೇ ನಾನು 2022ರಲ್ಲಿ ಒಂದು ಕೋವಿ ಮನೆಗೆ ತಂದೆ, ಇವತ್ತಿಗೂ ಕೋರ್ಟಿಗೆ ಅಲೀತಾ ಇದೀನಿ. ಅವನಿಗೆ ರಾತ್ರಿ ಒಂದು ಗಂಟೆ ಕೂತು ಹೇಳಿದ್ದನ್ನೇ ಇಲ್ಲೂ ಬರೀತಿದೀನಿ. ಮಲೆನಾಡಲ್ಲಿ ಕೋವಿ ಇರೋ ಮನೆ ತುಂಬ ಇದೆ, ವಯಸ್ಸಾದವರು ಕೊಡೋದು ಹುಡುಗ್ರು ತಗೊಳ್ಳೋದು ನಡೀತಾನೇ ಇರತ್ತೆ, ಒಬ್ಬರಾದ್ರೂ ಓದಿ ಉಳ್ಕೊಳ್ಳಲಿ.

ನಮ್ದು ಕೊಪ್ಪ ತಾಲ್ಲೂಕು, ಅಡಿಕೆ, ಸ್ವಲ್ಪ ಕಾಫಿ. ತೋಟ ಕಾಡಿನ ಅಂಚಲ್ಲೇ ಇದೆ, ರಾತ್ರಿ ಹಂದಿ ಬಂದ್ರೆ ಬಾಳೆ ಬುಡ ಎಲ್ಲಾ ಉತ್ತು ಹಾಕ್ಬಿಡತ್ತೆ. ಅಪ್ಪನ ಕಾಲದಿಂದ ಒಂದು ಒಂಟಿ ನಳಿಗೆ ಕೋವಿ ಇತ್ತು, ಗಾಳಿಗೆ ಒಂದು ಈಡು ಹಾರಿಸಿದ್ರೆ ಎರಡು ದಿನ ಆ ಕಡೆ ಸುಳೀತಿರ್ಲಿಲ್ಲ. ಅಪ್ಪ ತೀರ್ಕೊಂಡಾಗ ಕೋವೀನ ಠಾಣೆಗೆ ಡಿಪಾಸಿಟ್ ಮಾಡಿ, ವಾರಸುದಾರ ಅಂತ ಅರ್ಜಿ ಹಾಕಿ, ಅಕ್ಕಂದಿರ ಹತ್ರ ಒಪ್ಪಿಗೆ ಅಫಿಡವಿಟ್ ಬರೆಸಿ, ಪೊಲೀಸ್ ವೆರಿಫಿಕೇಷನ್, ಮೆಡಿಕಲ್ ಸರ್ಟಿಫಿಕೇಟು ಅಂತ ಹತ್ತತ್ರ ಒಂದು ವರ್ಷ ಓಡಾಡಿ ನನ್ನ ಹೆಸರಿಗೆ ಮಾಡಿಸ್ಕೊಂಡಿದ್ದೆ. ಇಲ್ಲೊಂದು ಮಾತು ಹೇಳ್ಬಿಡ್ತೀನಿ, ಇದು ಆಮೇಲೆ ವಕೀಲ್ರು ಹೇಳಿ ಗೊತ್ತಾಗಿದ್ದು. 2016ರ ಆರ್ಮ್ಸ್ ರೂಲ್ಸಲ್ಲಿ 25ನೇ ರೂಲ್ ಅಂತ ಇದೆ, ಲೈಸೆನ್ಸ್ ಇರೋರಿಗೆ 70 ವರ್ಷ ಆದ್ರೆ ಅಥವಾ ಆ ಕೋವಿ ಅವರ ಹತ್ರ 25 ವರ್ಷ ಇದ್ದಿದ್ರೆ ಅವರು ಬದುಕಿರುವಾಗಲೇ ಮಗನಿಗೋ ಮಗಳಿಗೋ ಸೊಸೆಗೋ ಮಾಡಿಸಿಕೊಡೋಕೆ ಅರ್ಜಿ ಹಾಕ್ಬಹುದು. ಮನೇಲಿ ದೊಡ್ಡವರಿದ್ರೆ ಈಗ್ಲೇ ಕೂತು ಮಾತಾಡಿ. ನಮ್ಮಪ್ಪನಿಗೆ 74 ಆಗಿತ್ತು, ನಮಗೆ ಗೊತ್ತೇ ಇರ್ಲಿಲ್ಲ.

ಆ ಒಂದು ವರ್ಷದ ಓಡಾಟದಲ್ಲಿ ಎಷ್ಟು ಸುಸ್ತಾಗಿದ್ದೆ ಅಂದ್ರೆ ಎರಡನೇ ಕೋವಿ ವಿಷಯ ಬಂದಾಗ ಆದಷ್ಟು ಸುಲಭದ ದಾರಿ ಸಿಕ್ಕಿದ್ರೆ ಸಾಕು ಅನ್ನಿಸ್ತು. ತಪ್ಪು ಶುರುವಾಗಿದ್ದೇ ಅಲ್ಲಿ.

ನಮ್ಮೂರಿಂದ ಹತ್ತು ಕಿಲೋಮೀಟರ್ ದೂರದಲ್ಲಿ ಒಬ್ಬರು ಹಿರಿಯ ಗೌಡ್ರು, ಅಪ್ಪನ ಸ್ನೇಹಿತರು. ಅವರ ಹತ್ರ ಮೂರು ಕೋವಿ ಇತ್ತು. ಅದರಲ್ಲೊಂದು 12 ಬೋರಿನ ಜೋಡಿ ನಳಿಗೆ, ಬರ್ಮಿಂಗ್‌ಹ್ಯಾಮಲ್ಲಿ ಮಾಡಿದ್ದು, ಹಿಡಿ ಮರ ಕೈಯಾಡಿ ಕೈಯಾಡಿ ನುಣ್ಣಗೆ ಆಗಿತ್ತು. "ತಮ್ಮಾ, ಈಗ ಎರಡೇ ಇಟ್ಕೋಬೇಕಂತೆ ಕಣೋ, ಹೊಸ ಕಾನೂನು ಬಂದಿದೆಯಂತೆ, ನಿಮ್ಮಪ್ಪನ ಮಗ ನೀನು, ನೀನೇ ತಗೋ" ಅಂದ್ರು. ಅರವತ್ತು ಸಾವಿರಕ್ಕೆ ಮಾತಾಯ್ತು. ಅವರೇ ಪರಿಚಯ ಇದ್ದ ಒಬ್ಬ ಬ್ರೋಕರನ್ನ ಕರೆಸಿದ್ರು, ಡಿಸಿ ಆಫೀಸಲ್ಲಿ ಫೈಲ್ ಇಡೋದು ನಂಗೆ ಬಿಡಿ, ಅಗ್ರಿಮೆಂಟ್ ಆದ್ರೆ ಕೋವಿ ಮನೆಗೆ ತಗೊಂಡೋಗ್ಬಹುದು, ಲೈಸೆನ್ಸ್ ಬುಕ್ಕಲ್ಲಿ ಎಂಟ್ರಿ ನಿಧಾನಕ್ಕೆ ಆಗತ್ತೆ ಅಂತ ಅವನಂದ. ಎಂಟು ಸಾವಿರ ತಗೊಂಡ. ನೂರು ರೂಪಾಯಿ ಸ್ಟ್ಯಾಂಪ್ ಪೇಪರಲ್ಲಿ ಕ್ರಯಪತ್ರದ ಥರಾನೇ ಬರೆದು, ಕೋವಿ ನಂಬರ್ ಹಾಕಿ, ಇಬ್ರೂ ಸೈನ್ ಮಾಡಿ, ನೋಟರಿ ಸೀಲ್ ಹೊಡೆಸಿ ಕೊಟ್ಟ. ಆ ಕೆಂಪು ಸೀಲ್ ನೋಡಿದ್ಮೇಲೆ ನಂಗೆ ಅನುಮಾನ ಅನ್ನೋದೇ ಬರ್ಲಿಲ್ಲ. ಗೌಡ್ರು ಹಳೇ ಚರ್ಮದ ಕವರಲ್ಲಿ ಹಾಕಿ ಕೋವಿ ಕೊಟ್ರು, ಜೊತೆಗೆ ಉಳಿದಿದ್ದ ಹದಿನೈದು ತೋಟಾನೂ, ಅಂದ್ರೆ ಕಾರ್ಟ್ರಿಜ್ಜೂ, ಕೊಟ್ರು. ಗೌಡ್ರ ಮನೆ ಅಮ್ಮ ಒಳಗಿಂದ ಕಾಫಿ ತಂದ್ರು, ಕುಡಿದು ಬಂದೆ.

ಕಾನೂನು ಏನ್ ಹೇಳತ್ತೆ ಅಂತ ಈಗ ಬಾಯಿಪಾಠ ಆಗಿದೆ, ಆಗಲೇ ಓದಿದ್ರೆ ಇಷ್ಟು ದೂರ ಬರ್ತಿರ್ಲಿಲ್ಲ. 1959ರ ಆರ್ಮ್ಸ್ ಆಕ್ಟಲ್ಲಿ ಸೆಕ್ಷನ್ 5ರ ಎರಡನೇ ಉಪಕಲಂ ಅಂತ ಇದೆ. ನಮ್ಮಂಥ ಖಾಸಗಿಯವರು ಡೀಲರ್ ಲೈಸೆನ್ಸ್ ಇಲ್ದೇನೂ ಸ್ವಂತ ಉಪಯೋಗಕ್ಕಿಟ್ಟ ಕೋವೀನ ಇನ್ನೊಬ್ಬ ಅರ್ಹರಿಗೆ ಮಾರ್ಬಹುದು, ಅದಕ್ಕೆ ಅಡ್ಡಿ ಇಲ್ಲ. ಆದ್ರೆ ಮಾರೋರು ಮೊದಲು ಡಿಸ್ಟ್ರಿಕ್ಟ್ ಮ್ಯಾಜಿಸ್ಟ್ರೇಟ್‌ಗೆ ಅಂದ್ರೆ ಡಿಸಿಗೆ, ಇಲ್ಲಾ ಹತ್ತಿರದ ಠಾಣೆ ಅಧಿಕಾರಿಗೆ, ನಾನು ಇಂಥಾ ಕೋವೀನ ಇಂಥಾ ಹೆಸರಿನ ಇಂಥಾ ವಿಳಾಸದವರಿಗೆ ಮಾರ್ಬೇಕು ಅಂತಿದೀನಿ ಅಂತ ಬರವಣಿಗೇಲಿ ತಿಳಿಸ್ಬೇಕು. ತಿಳಿಸಿದ್ಮೇಲೆ ಕಮ್ಮಿ ಅಂದ್ರೂ 45 ದಿನ ಕಳೀಬೇಕು. ಅಲ್ಲೀವರೆಗೂ ಕೋವಿ ತಗೊಳ್ಳೋರ ಕೈಗೆ ಬರೋ ಹಾಗಿಲ್ಲ. ತೋಟಾಗೂ ಇದೇ ರೂಲ್, ಹೆಂಗೂ ಕೋವಿ ಕೊಟ್ಟಾಯ್ತಲ್ಲ ಅಂತ ಕೈಗೆ ಹಿಡಿಸೋ ಹಾಗಿಲ್ಲ. ತಗೊಳ್ಳೋರ ಲೈಸೆನ್ಸಲ್ಲಿ ಆ ಕೋವಿಗೆ ಅನುಮತಿ ಇರ್ಬೇಕು, ಆಮೇಲೆ ಕೋವಿ ನಂಬರ್ ಬುಕ್ಕಲ್ಲಿ ನಮೂದು ಆಗ್ಬೇಕು, ಕೊಟ್ಟೋರ ಬುಕ್ಕಿಂದ ತೆಗೀಬೇಕು. ನೋಟರಿ, ಸ್ಟ್ಯಾಂಪ್ ಪೇಪರ್ ಇದ್ಯಾವುದೂ ಆ 45 ದಿನದ ಜಾಗಕ್ಕೆ ಬರಲ್ಲ.

ನಮ್ಮ ಬ್ರೋಕರ್ ಫೈಲ್ ಇಟ್ಟೇ ಇರ್ಲಿಲ್ಲ. ಎರಡು ಮೂರು ಸಲ ಕೇಳ್ದಾಗ ಸಾಹೇಬ್ರು ಟ್ರಾನ್ಸ್‌ಫರ್ ಆದ್ರು, ಹೊಸಬ್ರು ಬಂದ್ಮೇಲೆ ಆಗತ್ತೆ ಅಂದ. ಸ್ವೀಕೃತಿ ಕೊಡಪ್ಪ ಅಂತ ಒಂದು ಸಲಾನೂ ನಾನು ಕೇಳ್ಲಿಲ್ಲ.

2023ರ ಮಾರ್ಚ್ 29ಕ್ಕೆ ವಿಧಾನಸಭೆ ಎಲೆಕ್ಷನ್ ಡಿಕ್ಲೇರ್ ಆಯ್ತು. ಕೋವಿ ಇರೋರಿಗೆಲ್ಲ ಗೊತ್ತು, ನೀತಿ ಸಂಹಿತೆ ಬಂತು ಅಂದ್ರೆ ಠಾಣೆಯಿಂದ ಫೋನ್ ಬರತ್ತೆ, ತಂದು ಇಡಿ ಅಂತ. ನಾನು ಮುಚ್ಚಿಡೋಕೆ ಏನೂ ಇಲ್ಲ ಅಂದ್ಕೊಂಡು ಎರಡೂ ಕೋವಿ ಜೀಪಲ್ಲಿ ಹಾಕ್ಕೊಂಡು ಹೋದೆ. ಠಾಣೇಲಿ ಬರವಣಿಗೆ ನೋಡ್ಕೊಳ್ಳೋ ರೈಟರ್ ಮೊದಲು ಅಪ್ಪನ ಕೋವಿ ತಗೊಂಡು ನಂಬರ್ ನೋಡಿ, ಬುಕ್ ನೋಡಿ, ರಿಜಿಸ್ಟರಲ್ಲಿ ಬರೆದು ಚೀಟಿ ಕೊಟ್ರು. ಎರಡನೇದನ್ನ ಕವರಿಂದ ತೆಗೆದು ಮೊಬೈಲ್ ಟಾರ್ಚ್ ಹಾಕಿ, ಹೆಬ್ಬೆರಳಲ್ಲಿ ಎಣ್ಣೆ ಒರೆಸಿ ಒಂದೊಂದೇ ಅಂಕಿ ಓದಿದ್ರು. ನನ್ನ ಬುಕ್ ಹಾಳೆ ತಿರುವಿದ್ರು. ಮತ್ತೆ ಮೊದಲಿಂದ ತಿರುವಿದ್ರು. "ಇದು ಎಲ್ಲಿದೆ ಇದ್ರಲ್ಲಿ?" ಅಂದ್ರು. ನಾನು ಜೇಬಿಂದ ಅಗ್ರಿಮೆಂಟ್ ತೆಗೆದು ಕೊಟ್ಟೆ. ಅವರು ಓದಿ ಮಡಚಿ ಟೇಬಲ್ ಮೇಲಿಟ್ಟು ಎದ್ದು ಎಸ್‌ಐ ರೂಮಿಗೆ ಹೋದ್ರು. ಆ ಐದು ನಿಮಿಷ ನಾನು ಜನ್ಮದಲ್ಲಿ ಮರೆಯಲ್ಲ.

ಮಹಜರು ಆಯ್ತು, ಕೋವಿ ತೋಟಾ ಎಲ್ಲಾ ಸೀಜ್ ಆಯ್ತು, ನನ್ನ ಮೇಲೂ ಗೌಡ್ರ ಮೇಲೂ ಎಫ್‌ಐಆರ್ ಆಯ್ತು. ನಾನೇ ಬರೆಸಿದ್ದ ಅಗ್ರಿಮೆಂಟು ನಮ್ಮ ವಿರುದ್ಧದ ಮೊದಲನೇ ಸಾಕ್ಷಿ, ಯಾವ ದಿನ ಯಾರು ಯಾರಿಗೆ ಎಷ್ಟಕ್ಕೆ ಕೊಟ್ರು ಅಂತ ಅದರಲ್ಲೇ ಬರೆದಿದೆಯಲ್ಲ.

ವಕೀಲ್ರ ಹತ್ರ ಹೋದ್ಮೇಲೆ ಇನ್ನೂ ದೊಡ್ಡ ಪೆಟ್ಟು ಬಿತ್ತು. ಗೌಡ್ರು ಎರಡೇ ಇಟ್ಕೋಬೇಕಂತೆ ಅಂದಿದ್ರಲ್ಲ, ಅದು 2019ರ ಡಿಸೆಂಬರಲ್ಲಿ ಜಾರಿಗೆ ಬಂದ ತಿದ್ದುಪಡಿ. ಮೊದಲು ಒಬ್ಬರಿಗೆ ಮೂರು ಇರ್ಬಹುದಿತ್ತು, ಅದನ್ನ ಎರಡಕ್ಕೆ ಇಳಿಸಿದ್ರು. ಮೂರನೇದನ್ನ ಒಂದು ವರ್ಷದೊಳಗೆ ಠಾಣೇಲೋ ಲೈಸೆನ್ಸ್ ಇರೋ ಡೀಲರ್ ಹತ್ರಾನೋ ಡಿಪಾಸಿಟ್ ಮಾಡ್ಬೇಕಿತ್ತು. ಅಂದ್ರೆ 2020ರ ಡಿಸೆಂಬರಿಗೇ ಗಡುವು ಮುಗಿದಿತ್ತು, ಗೌಡ್ರು ಮನೆ ಬಿಟ್ಟು ಆಚೆಗೆ ಕೊಟ್ಟಿರ್ಲೇ ಇಲ್ಲ. ಮಾರೋರ ಹತ್ರ ಕೋವಿ ಕಾನೂನು ಪ್ರಕಾರ ಇದ್ರೆ ಮಾತ್ರ ಸೆಕ್ಷನ್ 5ರ ಆ ದಾರಿ ಸಿಗೋದು. 2022ರಲ್ಲಿ ಅದು ಅವರ ಹತ್ರ ಇದ್ದಿದ್ದೇ ಕಾನೂನಿಗೆ ವಿರುದ್ಧ, ನಾವು 45 ದಿನ ಕಾದಿದ್ರೂ ನಿಲ್ತಾ ಇರ್ಲಿಲ್ಲ. ಅದೇ ತಿದ್ದುಪಡಿಯಲ್ಲಿ ಶಿಕ್ಷೇನೂ ಏರಿಸಿದಾರೆ, ಸೆಕ್ಷನ್ 5 ಮೀರಿ ಮಾರಿದ್ರೆ ಕನಿಷ್ಠ 7 ವರ್ಷ ಅಂತ ವಕೀಲ್ರು ಓದಿ ಹೇಳ್ದಾಗ ಗೌಡ್ರ ಮಗ ನನ್ನ ಪಕ್ಕದಲ್ಲೇ ಕೂತಿದ್ದ. ಅವನು ನನ್ನ ಮುಖ ನೋಡ್ಲಿಲ್ಲ.

ಗೌಡ್ರಿಗೆ ನಿರೀಕ್ಷಣಾ ಜಾಮೀನು ಸಿಕ್ತು, ನಂಗೂ ಬೇಲ್ ಆಯ್ತು. ಡಿಸಿ ಆಫೀಸಿಂದ ನಿಮ್ಮ ಲೈಸೆನ್ಸ್ ಯಾಕೆ ರದ್ದು ಮಾಡಬಾರದು ಅಂತ ನೋಟಿಸ್ ಬಂತು, ಹಾಗಾಗಿ ಒಂದು ವರ್ಷ ಅಲೆದು ಮಾಡಿಸಿದ್ದ ಅಪ್ಪನ ಕೋವೀನೂ ಠಾಣೇಲೇ ಉಳೀತು. ಅವತ್ತು ಇಟ್ಟಿದ್ದು ಇನ್ನೂ ವಾಪಸ್ ಬಂದಿಲ್ಲ. ಆ ವರ್ಷ ಹೊಸ ತೋಟದ ಬಾಳೆ ಒಂದೂ ಉಳೀಲಿಲ್ಲ. ದುಡ್ಡಿನ ಲೆಕ್ಕ ಬರೆಯಲ್ಲ, ಅದಕ್ಕಿಂತ ಸಂಕಟ ಬೇರೆ ಇದೆ. ತಾರೀಕಿನ ದಿನ 77 ವರ್ಷದ ಗೌಡ್ರು ಕೋರ್ಟ್ ವರಾಂಡದ ಕಂಬಕ್ಕೆ ಒರಗಿ ನಿಂತಿರ್ತಾರೆ, ಹೆಸರು ಕೂಗಿದ್ರೆ ಕಿವಿ ಕೇಳಲ್ಲ, ನಾನೇ ಹೋಗಿ ಕೈ ಹಿಡಿದು ಒಳಗೆ ಕರ್ಕೊಂಡು ಹೋಗ್ತೀನಿ. ಹೋದ ಸಲ "ನಿಂಗೆ ಒಳ್ಳೇದಾಗ್ಲಿ ಅಂತ ಕೊಟ್ಟೆ ಮಾರಾಯ" ಅಂದ್ರು. ಅವರ ಮೇಲೆ ನಂಗೆ ಒಂಚೂರೂ ಸಿಟ್ಟಿಲ್ಲ. ಗೊತ್ತಿಲ್ದೇ ಇದ್ದವರನ್ನ ದಾರಿ ತಪ್ಪಿಸಿ ಎಂಟು ಸಾವಿರ ಜೇಬಿಗೆ ಹಾಕ್ಕೊಂಡವನ ಮೇಲೆ ಇದೆ, ಅವನು ಈಗಲೂ ಇದೇ ಕೆಲಸ ಮಾಡ್ಕೊಂಡಿದಾನೆ.

ಇನ್ನೊಂದು ಮಾತು ತುಂಬ ಜನ ಹೇಳ್ತಾರೆ, ಕೊಡಗಲ್ಲಿ ಲೈಸೆನ್ಸೇ ಬೇಡ, ಅಲ್ಲಿ ಸ್ನೇಹಿತರಿದಾರೆ, ಅವರ ಹತ್ರ ತಗೊಂಡ್ರಾಯ್ತು ಅಂತ. ದಯವಿಟ್ಟು ಹಾಗೆ ಮಾಡ್ಬೇಡಿ. 1861ರಿಂದ ಬಂದಿರೋ ಆ ವಿನಾಯಿತಿ ಕೊಡವರಿಗೆ ಮತ್ತೆ ಜಮ್ಮಾ ಅನ್ನೋ ಕೊಡಗಿನ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೆ ಮಾತ್ರ, ಈಗ 2029ರ ಅಕ್ಟೋಬರ್‌ವರೆಗೂ ಮುಂದುವರೆಸಿದಾರೆ, ಹೈಕೋರ್ಟೂ 2021ರಲ್ಲಿ ಅದನ್ನ ಎತ್ತಿ ಹಿಡಿದಿದೆ. ಅದು ಅವರ ಹಕ್ಕು, ಅವರ ಕೈಯಿಂದ ತಗೊಂಡ ತಕ್ಷಣ ನಮಗೆ ಬರಲ್ಲ. ನಮಗೆ ಲೈಸೆನ್ಸ್ ಬೇಕೇ ಬೇಕು.

ಚಿಕ್ಕಪ್ಪನ ಮಗನಿಗೆ ಅವತ್ತು ರಾತ್ರಿ ಹೇಳಿದ್ದು ಇಷ್ಟು. ಮೊದಲು ಅವರ ಲೈಸೆನ್ಸ್ ಬುಕ್ ಕೇಳಿ ನಿನ್ನ ಕಣ್ಣಲ್ಲೇ ನೋಡು, ರಿನ್ಯೂವಲ್ ತಾರೀಕು ಮುಗಿದಿದೆಯಾ, ಯುಐಎನ್ ಅಂದ್ರೆ ಲೈಸೆನ್ಸ್ ಇರೋ ಪ್ರತಿಯೊಬ್ಬರಿಗೂ ಕೊಡೋ ಗುರುತಿನ ನಂಬರ್ ಇದೆಯಾ, ಒಟ್ಟು ಎಷ್ಟು ಕೋವಿ ಇದೆ. ಬುಕ್ಕಲ್ಲಿರೋ ನಂಬರೂ ಕೋವಿ ಮೇಲಿರೋ ನಂಬರೂ ಬೆಳಕಲ್ಲಿ ಅಂಕಿ ಅಂಕಿ ಸೇರಿಸಿ ನೋಡು. ನಿನ್ನ ಹತ್ರ ಆಗಲೇ ಎರಡು ಇದ್ರೆ ಆಸೆ ಬಿಟ್ಬಿಡು. ಅವರೇ ಖುದ್ದಾಗಿ ಡಿಸಿ ಆಫೀಸಿಗೆ ಹೋಗಿ ಪತ್ರ ಕೊಟ್ಟು ಸೀಲು ತಾರೀಕು ಹಾಕಿಸಿದ ಸ್ವೀಕೃತಿ ತರ್ಲಿ, ನೀನೂ ಜೊತೇಲಿ ಹೋಗು, ಮಧ್ಯೆ ಯಾರೂ ಬೇಡ. ಅವರಿಗೆ ಬೆಂಗಳೂರಿಗೆ ಹೊರಡೋ ಅರ್ಜೆಂಟ್ ಇದ್ರೆ ಅವರೇ ಡೀಲರ್ ಹತ್ರ ಸೇಫ್ ಕಸ್ಟಡಿಗೆ ಇಟ್ಟು ಹೋಗ್ಲಿ, ತಿಂಗಳಿಗೆ ಇಷ್ಟು ಅಂತ ಬಾಡಿಗೆ ಆಗತ್ತೆ, ಆಗ್ಲಿ. ಬುಕ್ಕಲ್ಲಿ ನಂಬರ್ ಬೀಳೋವರೆಗೂ ಪೂರ್ತಿ ದುಡ್ಡೂ ಕೊಡಬೇಡ, ಕೋವಿ ಮುಟ್ಟಲೂ ಬೇಡ.

ಮಾರನೇ ದಿನ ಅವನು ಹೋಗಿದ್ದು ಹಾಸನದ ಡಿಸಿ ಆಫೀಸಿಗೆ, ಎಸ್ಟೇಟಿನವರನ್ನೂ ಕೂರಿಸ್ಕೊಂಡು. ಸಂಜೆ ಸೀಲ್ ಬಿದ್ದ ಸ್ವೀಕೃತಿ ಫೋಟೋ ಕಳ್ಸಿದಾನೆ, ಕೆಳಗೆ "ಅಣ್ಣ, ಇವತ್ತು ಒಂದನೇ ದಿನ" ಅಂತ ಬರೆದಿದಾನೆ.