ಮನೆಯ ಸೌನಾ ಕಿಟ್: ಮರಕ್ಕೆ ಪೂರ್ತಿ ಅಂಕ, ಡ್ರಾಯಿಂಗ್‌ಗೆ ಅರ್ಧ

ಸೌನಾ, ಅಂದರೆ ಹೀಟರ್ ಮೇಲಿನ ಕಾದ ಕಲ್ಲಿಗೆ ನೀರು ಹಾಕಿ ಹಬೆಯಲ್ಲಿ ಬೆವರುತ್ತಾ ಕೂರುವ ಮರದ ಕೋಣೆ, ಕಟ್ಟಿಸಬೇಕು ಅಂತ ಹೋದವರಿಗೆ ಕಂಪನಿಯವರು ಮೊದಲು ಕೈಗೆ ಕೊಡುವುದು ಮರದ ಸ್ಯಾಂಪಲ್. ಆಸ್ಪೆನ್, ಆಲ್ಡರ್, ಸೀಡರ್, ಥರ್ಮೋವುಡ್, ಒಂದೊಂದು ಚಿಕ್ಕ ತುಂಡು. ಮೂಸಿ ನೋಡಿ, ಸವರಿ ನೋಡಿ ಅನ್ನುತ್ತಾರೆ. ನಾನು ಕಿಟ್ ತೆಗೆದುಕೊಂಡ ಕಂಪನಿಯೂ ಅದನ್ನೇ ಮಾಡಿತು. ಮರ ನಿಜಕ್ಕೂ ಚೆನ್ನಾಗಿತ್ತು, ಆ ವಿಷಯದಲ್ಲಿ ತಕರಾರಿಲ್ಲ. ಆದರೆ ಒಳಗೆ ಕೂತಾಗ ಹೇಗಿರುತ್ತದೆ ಅನ್ನುವುದು ಮರದ ಕೈಯಲ್ಲಿಲ್ಲ. ಬೆಂಚ್ ಎಷ್ಟು ಎತ್ತರದಲ್ಲಿದೆ, ಸೀಲಿಂಗ್ ಎಲ್ಲಿದೆ, ಗಾಳಿ ಎಲ್ಲಿಂದ ಬಂದು ಎಲ್ಲಿಂದ ಹೋಗುತ್ತದೆ, ಎಲ್ಲಾ ಇದರ ಮೇಲೆ ನಿಂತಿದೆ. ಇವರ ಪ್ಯಾಕೇಜ್ ಸೊರಗಿರುವುದೂ ಇಲ್ಲೇ.

ನಾನು ತೆಗೆದುಕೊಂಡಿದ್ದು ಪೂರ್ತಿ ಪ್ಯಾಕೇಜ್. ಡ್ರಾಯಿಂಗ್, ಗೋಡೆ ಪ್ಯಾನೆಲ್, ಬೆಂಚ್, ಗಾಜಿನ ಬಾಗಿಲು, ಎಲೆಕ್ಟ್ರಿಕ್ ಹೀಟರ್, ಕಲ್ಲು, ಕಂಟ್ರೋಲರ್, ಕೂಡಿಸಿ ಕೊಡುವ ಕೆಲಸ, ಎಲ್ಲಾ ಒಬ್ಬರಿಂದಲೇ. ಕಂಪನಿ ಹೆಸರು ಬೇಡ. ಬೇರೆ ಕಂಪನಿಗಳ ಕ್ಯಾಟಲಾಗ್ ತೆಗೆದು ನೋಡಿದರೂ ಹೆಚ್ಚೂಕಡಿಮೆ ಇದೇ ಕಥೆ ಇರುತ್ತದೆ.

ಮೊದಲು ಎತ್ತರದ ವಿಷಯ. ಅವರು ಕಳಿಸಿದ ಡ್ರಾಯಿಂಗ್‌ನಲ್ಲಿ ಕೋಣೆ 2 ಮೀಟರ್ ಉದ್ದ, 1.8 ಮೀಟರ್ ಅಗಲ, 2.1 ಮೀಟರ್ ಎತ್ತರ. ಮೇಲಿನ ಬೆಂಚ್ ನೆಲದಿಂದ 90 ಸೆಂ.ಮೀ., ಕಾಲಿಡುವ ಬೆಂಚ್ 45 ಸೆಂ.ಮೀ. ನೋಡೋಕೆ ಅಚ್ಚುಕಟ್ಟಾಗಿದೆ. ಆದರೆ ಗೋಡೆಗೆ ಹಾಕುವ ಹೀಟರ್‌ನಲ್ಲಿ ಕಲ್ಲಿನ ಮೇಲ್ಮಟ್ಟ ಸುಮಾರು 80 ಸೆಂ.ಮೀ.ಗೆ ಬರುತ್ತದೆ. ನೀರು ಹಾಕಿದಾಗ ಏಳುವ ಹಬೆ ನೇರ ಸೀಲಿಂಗ್‌ಗೆ ಹೋಗಿ ಅಲ್ಲಿಂದ ಕೆಳಗೆ ಇಳಿಯುತ್ತದೆ. ಕಲ್ಲಿನ ಮಟ್ಟಕ್ಕಿಂತ ಕೆಳಗೆ ಅದು ಸರಿಯಾಗಿ ಇಳಿಯುವುದೇ ಇಲ್ಲ. ಅಂದರೆ ಈ ಡ್ರಾಯಿಂಗ್ ಪ್ರಕಾರ ಕೂತರೆ ತಲೆ ಕುದಿಯುತ್ತದೆ, ಪಾದ ತಣ್ಣಗಿರುತ್ತದೆ. ಅವರ ಶೋರೂಮ್‌ನಲ್ಲಿ ಇದೇ ಅಳತೆಯ ಮಾಡೆಲ್ ಬಿಸಿ ಮಾಡಿ ಕೂರಿಸಿದ್ದರು. ಕಿವಿ ತುದಿ ಚುರುಚುರು ಅನ್ನುತ್ತಿತ್ತು, ಕಾಲ್ಬೆರಳಿಗೆ ಮಾತ್ರ ಸೌನಾ ಶುರುವಾಗಿರೋದೇ ಗೊತ್ತಿರಲಿಲ್ಲ. ಸೇಲ್ಸ್‌ನವರು 'ಇನ್ನೂ ಸ್ವಲ್ಪ ಹೊತ್ತು ಕೂತ್ಕೊಳ್ಳಿ ಸಾರ್, ಸರಿಹೋಗುತ್ತೆ' ಅಂದರು. ಸರಿಹೋಗಲ್ಲ. ಟೇಪ್ ಹಿಡಿದು ಅಳೆದರೆ ಕಾರಣ ಅಲ್ಲೇ ಇದೆ.

ಫಿನ್‌ಲ್ಯಾಂಡ್‌ನವರು ಪಾಲಿಸುವ ನಿಯಮ ಸರಳ: ಪಾದ ಕಲ್ಲಿನ ಮಟ್ಟದಲ್ಲಿರಬೇಕು, ಇಲ್ಲವೇ ಅದಕ್ಕಿಂತ ಮೇಲಿರಬೇಕು. ಸುಮಾರು 55 ಲಕ್ಷ ಜನರಿರುವ ಆ ದೇಶದಲ್ಲಿ ಸೌನಾಗಳೇ 30 ಲಕ್ಷದ ಆಸುಪಾಸು ಇವೆ ಅನ್ನುತ್ತಾರೆ. ಅವರ ಸೌನಾ ಸಂಸ್ಕೃತಿಯನ್ನು 2020ರಲ್ಲಿ ಯುನೆಸ್ಕೋ ತನ್ನ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೂ ಸೇರಿಸಿಕೊಂಡಿದೆ. ಅಷ್ಟು ಕಟ್ಟಿ, ಅಷ್ಟು ಕೂತವರ ಮಾತು ಕೇಳುವುದೋ, ಕಂಟೇನರ್‌ಗೆ ಹಿಡಿಸಲಿ ಅಂತ 2.1 ಮೀಟರ್‌ಗೆ ಕತ್ತರಿಸಿದ ಕ್ಯಾಟಲಾಗ್ ಕೇಳುವುದೋ? ನಾನು ಲೆಕ್ಕ ತಿರುಗಿಸಿ ಹಾಕಿದೆ. ಕಾಲಿಡುವ ಬೆಂಚ್ 80, ಅದರ ಮೇಲೆ 45 ಸೇರಿಸಿದರೆ ಕೂರುವ ಬೆಂಚ್ 125. ತಲೆ ಮೇಲೆ ಜಾಗ ಬೇಕಲ್ವಾ, ಬೆಂಚಿನಿಂದ ಸೀಲಿಂಗ್‌ಗೆ 110ರಿಂದ 120 ಸೆಂ.ಮೀ. ಇಟ್ಟರೆ ಸೀಲಿಂಗ್ 2.4 ಮೀಟರ್‌ಗೆ ಬರುತ್ತದೆ. ಹತ್ತೋಕೆ ಒಂದು ಬಿಡಿ ಮೆಟ್ಟಿಲು. ಕಂಪನಿ ಮೊದಲು ಆಗಲ್ಲ ಅಂದಿತು, ಬಿಸಿ ಎಲ್ಲಾ ಮೇಲೆ ಹೋಗಿ ವೇಸ್ಟ್ ಆಗುತ್ತೆ ಅಂದಿತು. ಬಿಸಿ ಮೇಲೆ ಹೋದರೆ ನಾವೂ ಮೇಲೆ ಹೋದರಾಯಿತು. ಕೊನೆಗೆ ಉದ್ದ ಪ್ಯಾನೆಲ್ ತರಿಸಿಕೊಟ್ಟರು, ಆ ಮಟ್ಟಿಗೆ ಒಳ್ಳೆಯವರು.

ಹೀಟರ್ ಲೆಕ್ಕದಲ್ಲೂ ಇದೇ ಗೋಳು. ಒಂದು ಘನ ಮೀಟರ್ ಜಾಗಕ್ಕೆ ಸುಮಾರು 1 ಕಿಲೋವ್ಯಾಟ್ ಅನ್ನುವುದು ಎಲ್ಲರಿಗೂ ಗೊತ್ತಿರುವ ಅಂದಾಜು. ಅವರ ಕೋಣೆ 7.5 ಘನ ಮೀಟರ್ ಚಿಲ್ಲರೆ, ಅದಕ್ಕೆ 6 ಕಿಲೋವ್ಯಾಟ್ ಹೀಟರ್ ಬರೆದಿದ್ದರು. ಅದೇ ಡ್ರಾಯಿಂಗ್‌ನಲ್ಲಿ ಮುಂದಿನ ಗೋಡೆ ಪೂರ್ತಿ ಗಾಜು! ಗಾಜು, ಟೈಲ್ಸ್, ಬರೀ ಇಟ್ಟಿಗೆ ಗೋಡೆ, ಇವೆಲ್ಲ ಬಿಸಿ ಕುಡಿಯುತ್ತವೆ. ಒಂದು ಚದರ ಮೀಟರ್ ಗಾಜಿಗೆ ಕಡಿಮೆ ಅಂದರೂ 1.2 ಘನ ಮೀಟರ್ ಹೆಚ್ಚು ಹಿಡಿಯಬೇಕು. ಹಾಗೆ ಕೂಡಿದರೆ 12 ಆಯಿತು. ಅಂದರೆ ಬೇಕಾದ ಅರ್ಧ ಶಕ್ತಿಯ ಹೀಟರ್. ಫೋಟೋದಲ್ಲಿ ಗಾಜಿನ ಗೋಡೆ ಸೂಪರ್ ಆಗಿ ಕಾಣುತ್ತದೆ, ಒಪ್ಪುತ್ತೇನೆ, ಆದರೆ ಅದರ ಪಕ್ಕ ಕೂತವರಿಗೆ ಒಂದು ಕಡೆ ತಣ್ಣಗಿರುತ್ತದೆ. ನಾನು ಗಾಜನ್ನು ಬಾಗಿಲಿಗಷ್ಟೇ ಉಳಿಸಿಕೊಂಡೆ. ಎತ್ತರ ಹೆಚ್ಚಾದ್ದರಿಂದ ಒಟ್ಟು 10 ದಾಟಿತು. ಅಂದಾಜು ಲೆಕ್ಕಕ್ಕೆ ಚೂರು ಕಡಿಮೆ ಅನ್ನಿಸಿದರೂ 9 ಕಿಲೋವ್ಯಾಟ್ ಹೀಟರ್ ಅದನ್ನು ನಿಭಾಯಿಸುತ್ತದೆ.

9 ಕಿಲೋವ್ಯಾಟ್ ಅಂದಕೂಡಲೇ ಎಲೆಕ್ಟ್ರಿಷಿಯನ್ ಜೊತೆ ಮಾತಾಡಬೇಕು, ಕಿಟ್ ಆರ್ಡರ್ ಮಾಡುವ ಮೊದಲೇ. 400 ವೋಲ್ಟ್ ತ್ರೀ ಫೇಸ್ ಇದ್ದರೆ ಒಂದೊಂದು ಫೇಸ್‌ಗೆ 13 ಆಂಪ್ಸ್ ಬೀಳುತ್ತದೆ. 230 ವೋಲ್ಟ್ ಸಿಂಗಲ್ ಫೇಸ್‌ನಲ್ಲಿ ಅದೇ 39 ಆಂಪ್ಸ್. ಮನೆಯ ಮಾಮೂಲಿ ವೈರಿಂಗ್ ತಡೆಯುವ ಮಾತಲ್ಲ. ಬೇರೆಯದೇ ಸರ್ಕ್ಯೂಟ್ ಬೇಕು, ಹೀಟರ್‌ಗೆ ಹೋಗುವ ಕೇಬಲ್ ಶಾಖ ತಡೆಯುವಂಥದ್ದಾಗಿರಬೇಕು. ಈ ಕಂಪನಿಯ ಬ್ರೋಷರ್‌ನಲ್ಲಿ ಇದಕ್ಕೆ ಒಂದೇ ಸಾಲು ಮೀಸಲು, ಅದೂ ಕೊನೆಯ ಪುಟದಲ್ಲಿ, ಸಣ್ಣ ಅಕ್ಷರದಲ್ಲಿ.

ಈಗ ಗಾಳಿ. ನನಗೆ ನಿಜವಾಗಿ ಸಿಟ್ಟು ಬಂದಿದ್ದು ಇಲ್ಲಿ. ಇವರ ಕಿಟ್‌ನಲ್ಲಿ ಇದ್ದದ್ದು ಒಂದೇ ವೆಂಟ್, ಸೀಲಿಂಗ್ ಹತ್ತಿರ, ಜಾರಿಸಿ ಮುಚ್ಚುವ ಮರದ ತುಂಡು. ಹೊಸ ಗಾಳಿ ಎಲ್ಲಿಂದ ಅಂತ ಕೇಳಿದರೆ ಬಾಗಿಲ ಕೆಳಗಿನ ಸಂದಿ ತೋರಿಸಿದರು. ನಾಲ್ಕು ಜನ ಮುಚ್ಚಿದ ಪುಟ್ಟ ಕೋಣೆಯಲ್ಲಿ ಕೂತು ಉಸಿರಾಡಿದರೆ ಕಾರ್ಬನ್ ಡೈಆಕ್ಸೈಡ್ ಏರುತ್ತಾ ಹೋಗುತ್ತದೆ. ತಲೆ ಭಾರವಾಗುತ್ತದೆ, ಸಾಕಪ್ಪಾ ಅನ್ನಿಸುತ್ತದೆ, ಜನ ಅದನ್ನು ಬಿಸಿ ಜಾಸ್ತಿಯಾಯಿತು ಅಂದುಕೊಂಡು ಎದ್ದು ಹೋಗುತ್ತಾರೆ. ಎಲೆಕ್ಟ್ರಿಕ್ ಹೀಟರ್ ಇರುವ ಕಡೆ ಚೆನ್ನಾಗಿ ಕೆಲಸ ಮಾಡುವ ವ್ಯವಸ್ಥೆ ಹೀಗಿರುತ್ತದೆ: ಹೊಸ ಗಾಳಿ ಹೀಟರ್‌ನ ಮೇಲ್ಭಾಗದಲ್ಲಿ ಒಳಗೆ ಬರಬೇಕು, ಅಲ್ಲಿ ಏಳುವ ಬಿಸಿಯ ಜೊತೆ ಬೆರೆತು ಕೋಣೆ ತುಂಬಾ ಸುತ್ತಬೇಕು, ಹಳೆ ಗಾಳಿಯನ್ನು ಎದುರಿನ ಬೆಂಚ್ ಕೆಳಗಿನಿಂದ ಸಣ್ಣ ಫ್ಯಾನ್ ಹೊರಗೆ ಎಳೆಯಬೇಕು. ಫ್ಯಾನ್ ಇಲ್ಲದೆ ಬರೀ ಸಹಜ ಗಾಳಿಯನ್ನೇ ನಂಬಿದರೆ ಒಳಬರುವ ತೂತು ಹೀಟರ್ ಬುಡದಲ್ಲಿರಬೇಕು. ಸೀಲಿಂಗ್ ಹತ್ತಿರದ ವೆಂಟ್ ಬೇಡ ಅಂತಲ್ಲ, ಅದು ಸ್ನಾನ ಮುಗಿದ ಮೇಲೆ ತೆರೆದು ಕೋಣೆ ಒಣಗಿಸುವುದಕ್ಕೆ. ಒಳಗೆ ಕೂತಿರುವಾಗ ತೆರೆದಿಟ್ಟರೆ ಹಬೆ ಸೀದಾ ಹೊರಗೆ ಹೋಗುತ್ತದೆ.

ಫ್ಯಾನ್ ಹಾಕಿಸುವಾಗ ಒಂದು ಎಚ್ಚರ. ಹೊರಗಿನ ತಣ್ಣನೆ ಗಾಳಿ ಹೀಟರ್‌ನ ಟೆಂಪರೇಚರ್ ಸೆನ್ಸರ್ ಮೇಲೆ ಬೀಳಬಾರದು. ಬಿದ್ದರೆ ಕೋಣೆ ಇನ್ನೂ ತಣ್ಣಗಿದೆ ಅಂತ ಅದು ಮೋಸ ಹೋಗುತ್ತದೆ, ಹೀಟರ್ ಉರಿಯುತ್ತಲೇ ಇರುತ್ತದೆ. ಸೆನ್ಸರ್‌ನಿಂದ ವೆಂಟ್ ಎಷ್ಟು ದೂರ ಇರಬೇಕು ಅಂತ ಹೀಟರ್ ಜೊತೆ ಬರುವ ಪುಸ್ತಕದಲ್ಲೇ ಬರೆದಿರುತ್ತದೆ, ಅದನ್ನೇ ಪಾಲಿಸಿ.

ಕೂಡಿಸಲು ಬಂದ ಹುಡುಗರ ಕೈ ಕೆಲಸ ಬಲು ಚೊಕ್ಕ. ಬೆಂಚಿನ ಹಲಗೆಗಳಿಗೆ ಸ್ಕ್ರೂ ಎಲ್ಲಾ ಕೆಳಗಿನಿಂದ ಹಾಕಿದರು, ಮೇಲೆ ಒಂದು ಲೋಹದ ಚುಕ್ಕಿ ಕಾಣಿಸುವುದಿಲ್ಲ. ಕಾಣಿಸಿದರೆ ಅದು ಕಾದು ತೊಡೆಗೆ ಬರೆ ಹಾಕುತ್ತದೆ. ಗಂಟಿಲ್ಲದ ಆಸ್ಪೆನ್ ಹಲಗೆ, ಅಂಚು ನುಣ್ಣಗೆ ಉಜ್ಜಿದ್ದಾರೆ, ವಾರ್ನಿಷ್ ಇಲ್ಲ. ಬಾಗಿಲು ಹೊರಗೆ ತೆರೆಯುತ್ತದೆ, ಚಿಲಕ ಇಲ್ಲ, ಮೈ ಒರಗಿಸಿದರೆ ಸಾಕು. ಹೀಗೇ ಇರಬೇಕು. ಒಳಗೆ ತಲೆ ಸುತ್ತಿದವರು ಚಿಲಕ ಹುಡುಕುವಂತಾಗಬಾರದು.

ಆದರೆ ಗೋಡೆಯೊಳಗಿನ ಕೆಲಸಕ್ಕೆ ಪಕ್ಕದಲ್ಲೇ ನಿಂತಿರಬೇಕು. ಫ್ರೇಮ್, ಅದರ ನಡುವೆ ಬಿಸಿ ಹೊರಹೋಗದಂತೆ ತಡೆಯುವ ಮಿನರಲ್ ವುಲ್, ಅದರ ಮೇಲೆ ಅಲ್ಯೂಮಿನಿಯಂ ಫಾಯಿಲ್, ಆಮೇಲೆ ಪಟ್ಟಿ ಹೊಡೆದು ಒಂದೆರಡು ಸೆಂ.ಮೀ. ಗಾಳಿ ಸಂದಿ, ಕೊನೆಗೆ ಪ್ಯಾನೆಲ್. ಹಬೆ ಗೋಡೆಯೊಳಗೆ ನುಗ್ಗದಂತೆ ತಡೆಯುವುದು ಆ ಫಾಯಿಲ್ ಒಂದೇ. ಲೈಟಿನ ವೈರ್ ಎಳೆಯಲು ಒಬ್ಬ ಅದನ್ನು ಚಾಕುವಿನಿಂದ ಸೀಳಿದ, ಅಂಗೈ ಅಗಲದ ತೂತು, ಹಾಗೇ ಬಿಟ್ಟು ಪಟ್ಟಿ ಹೊಡೆಯಲು ಶುರು ಮಾಡಿದ. ಟೇಪ್ ಹಾಕಲ್ವಾ ಅಂದೆ. 'ಪ್ಯಾನೆಲ್ ಬಂದ್ಮೇಲೆ ಕಾಣೋದೇ ಇಲ್ಲ' ಅಂದ. ಕಾಣೋದಿಲ್ಲ, ನಿಜ. ಒಳಗಿನ ವುಲ್ ಒದ್ದೆಯಾಗಿ ಫ್ರೇಮ್ ಕೊಳೆಯುವುದೂ ಕಾಣೋದಿಲ್ಲ! ಪಟ್ಟಿ ಬಿಚ್ಚಿಸಿ, ಅಲ್ಯೂಮಿನಿಯಂ ಟೇಪ್ ಹಾಕಿಸಿ, ಫೋಟೋ ತೆಗೆದುಕೊಂಡ ಮೇಲೇ ಮುಂದಕ್ಕೆ ಬಿಟ್ಟೆ. ಇನ್ನೊಂದು ಮಾತು, ಇನ್ಸುಲೇಷನ್‌ಗೆ ಥರ್ಮೋಕೋಲ್ ಹಾಕ್ತೀವಿ ಅಂದರೆ ಖಡಾಖಂಡಿತವಾಗಿ ಬೇಡ ಅನ್ನಿ. ಸೌನಾದ ಬಿಸಿಗೆ ಅದು ಮೆತ್ತಗಾಗುತ್ತದೆ.

ಕಲ್ಲು ಚೆನ್ನಾಗಿರುವುದನ್ನೇ ಕೊಟ್ಟಿದ್ದಾರೆ, ಆಲಿವೀನ್ ಡಯಾಬೇಸ್. ಜೋಡಿಸಿದ ರೀತಿ ಮಾತ್ರ ಗೋಣಿಯಿಂದ ಆಲೂಗಡ್ಡೆ ಸುರಿದ ಹಾಗಿತ್ತು. ಎಲ್ಲಾ ತೆಗೆದು, ತೊಳೆದು, ದೊಡ್ಡವು ಕೆಳಗೆ ಸಣ್ಣವು ಮೇಲೆ ಬರುವಂತೆ, ನಡುವೆ ಗಾಳಿ ಆಡುವಂತೆ ಮತ್ತೆ ಜೋಡಿಸಬೇಕಾಯಿತು. ತೀರಾ ಒತ್ತಿ ತುಂಬಿದರೆ ಎಲಿಮೆಂಟ್ ಅತಿಯಾಗಿ ಕಾದು ಸುಡುತ್ತದೆ, ಹಾಗಂತ ಎಲಿಮೆಂಟ್ ಹೊರಗೆ ಇಣುಕುವಂತೆಯೂ ಬಿಡಬಾರದು. ಹೊಳೆಯಲ್ಲಿ ಸಿಕ್ಕ ಕಲ್ಲು ತಂದು ಹಾಕುವ ಆಸೆ ಬೇಡ, ಬಿಸಿಗೆ ಸಿಡಿಯಬಹುದು.

ಬ್ರೋಷರ್‌ನಲ್ಲಿ '110 ಡಿಗ್ರಿ ಗ್ಯಾರಂಟಿ' ಅಂತ ದೊಡ್ಡದಾಗಿ ಹಾಕಿದ್ದಾರೆ. ಯಾರಿಗೆ ಬೇಕು ಅದು? 2010ರಲ್ಲಿ ಫಿನ್‌ಲ್ಯಾಂಡ್‌ನ ಹೈನೊಲಾದಲ್ಲಿ ನಡೆದ ವಿಶ್ವ ಸೌನಾ ಚಾಂಪಿಯನ್‌ಶಿಪ್‌ನ ಫೈನಲ್ 110 ಡಿಗ್ರಿಯಲ್ಲೇ ಶುರುವಾಗಿತ್ತು. ಒಬ್ಬ ಸ್ಪರ್ಧಿ ಸತ್ತ, ಆಮೇಲೆ ಆ ಸ್ಪರ್ಧೆಯೇ ನಿಂತುಹೋಯಿತು. ನಮ್ಮ ಮನೆಯಲ್ಲಿ 80ರ ಆಸುಪಾಸಿಗೆ ಇಟ್ಟು ಆಗಾಗ ಒಂದು ಸೌಟು ನೀರು ಹಾಕುತ್ತೇವೆ. ಈಗ ಪಾದಕ್ಕೂ ಬಿಸಿ ತಟ್ಟುತ್ತದೆ, ಉಸಿರು ಕಟ್ಟುವುದಿಲ್ಲ, ಮಕ್ಕಳು ಕೆಳಗಿನ ಬೆಂಚಿನಲ್ಲಿ ಸ್ವಲ್ಪ ಹೊತ್ತು ಕೂತು ಓಡಿಹೋಗುತ್ತಾರೆ.

ಇನ್‌ಫ್ರಾರೆಡ್ ಕ್ಯಾಬಿನ್ ತಗೊಳ್ಳಿ, ಕಡಿಮೆ ಕರೆಂಟ್, ಕೆಲಸವೂ ಕಡಿಮೆ ಅಂತ ಇವರು ಮಧ್ಯೆ ಮಧ್ಯೆ ಒತ್ತಾಯ ಮಾಡುತ್ತಿದ್ದರು. ಜಾಗ ಚಿಕ್ಕದಿದ್ದು ಬೆವರಿದರೆ ಸಾಕು ಅನ್ನುವವರು ತಗೊಳ್ಳಬಹುದು. ಅದು 45ರಿಂದ 60 ಡಿಗ್ರಿಯಲ್ಲಿ ನಡೆಯುತ್ತದೆ. ಕಲ್ಲಿಲ್ಲ, ನೀರು ಹಾಕುವ ಹಾಗಿಲ್ಲ, ಹಬೆ ಇಲ್ಲ. ಬೇರೆಯದೇ ವಸ್ತು.

ಜಿಮ್, ಹೋಟೆಲ್, ಸ್ಪಾಗೆ ಹಾಕಿಸುವವರು ಇದೇ ಮನೆ ಕಿಟ್ ಅನ್ನು ಸ್ವಲ್ಪ ದೊಡ್ಡದು ಮಾಡಿ ಅಂದರೆ ಕೆಲಸ ಆಗುವುದಿಲ್ಲ. ಪರಿಚಯದವರೊಬ್ಬರು ತಮ್ಮ ಜಿಮ್‌ಗೆ ಇವರನ್ನೇ ಕರೆಸಿದ್ದರು, ಕೊಟ್ಟಿದ್ದು ಮನೆಯ ಹೀಟರ್. ಅಲ್ಲಿ ಬಾಗಿಲು ದಿನವಿಡೀ ತೆರೆದು ಮುಚ್ಚಿ ಆಗುತ್ತಿರುತ್ತದೆ, ಬಿಸಿ ನಿಲ್ಲುವುದಿಲ್ಲ. ಮನೆಗೆ ಮಾಡಿದ ಕಂಟ್ರೋಲರ್ ಸಾಮಾನ್ಯವಾಗಿ 6 ಗಂಟೆ ಹೊತ್ತು ಓಡಿದ ಮೇಲೆ ತಾನೇ ಆಫ್ ಆಗುತ್ತದೆ, ಸುರಕ್ಷತೆಗೆ ಅಂತಲೇ ಹಾಗಿರುತ್ತದೆ. ವ್ಯಾಪಾರಕ್ಕೆ ಅಂತ ಮಾಡಿದ ಹೀಟರ್ ಬೇಕು, ಅದರ ಸುತ್ತ ಗಟ್ಟಿ ಮರದ ಬೇಲಿ ಬೇಕು, ಒಳಗೊಂದು ಎಮರ್ಜೆನ್ಸಿ ಬಟನ್ ಬೇಕು, ಬೆಂಚ್ ಎತ್ತಿ ಕೆಳಗೆ ತೊಳೆಯುವಂತಿರಬೇಕು, ನೆಲದಲ್ಲಿ ನೀರು ಹೋಗುವ ಜಾಗ ಇರಬೇಕು. ಹೃದಯದ ತೊಂದರೆ ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳಿ ಬನ್ನಿ, ಕುಡಿದವರು ಬರಲೇಬೇಡಿ ಅನ್ನುವ ಬೋರ್ಡ್ ಬಾಗಿಲಲ್ಲೇ ಇರಲಿ. ಈಜುಕೊಳದ ಪಕ್ಕ ಇದ್ದರೆ ಜನ ಆ ಕ್ಲೋರಿನ್ ನೀರನ್ನೇ ಕಲ್ಲಿಗೆ ಹಾಕುತ್ತಾರೆ, ಎಲಿಮೆಂಟ್ ಬೇಗ ಹಾಳಾಗುತ್ತದೆ. ಒಳಗೇ ಒಂದು ಬಕೆಟ್ ಒಳ್ಳೆ ನೀರು ಇಟ್ಟುಬಿಡಿ.

ಮಾರಿದ ಮೇಲಿನ ಸರ್ವಿಸ್ ಪರವಾಗಿಲ್ಲ. ಫೋನ್ ಎತ್ತುತ್ತಾರೆ, ಆದರೆ ವಾರಂಟಿ ಕಾಗದ ಪೂರ್ತಿ ಓದಿ ಸಹಿ ಹಾಕಿ. ನನ್ನದರಲ್ಲಿ ವರ್ಷಕ್ಕೊಮ್ಮೆ ಕಲ್ಲು ತೆಗೆದು ಮತ್ತೆ ಜೋಡಿಸದಿದ್ದರೆ ಎಲಿಮೆಂಟ್‌ಗೆ ವಾರಂಟಿ ಇಲ್ಲ ಅಂತ ಇದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಜೋಡಿಸಿದಾಗೆಲ್ಲ ತಾರೀಖು ಬರುವ ಹಾಗೆ ಫೋಟೋ ತೆಗೆದು ಅವರಿಗೇ ಮೆಸೇಜ್ ಮಾಡಿಬಿಡಿ.