ಅಪ್ಪನ ಅಂಗಾಲಿನ ಹುಣ್ಣಿಗೆ ಯಾವ ಡ್ರೆಸಿಂಗ್? ನಾನು ಕಟ್ಟಿ ನೋಡಿದ್ದು

ಮುಳಬಾಗಿಲು ಕಡೆಯ ನಮ್ಮ ಟೊಮೆಟೊ ತೋಟದಲ್ಲಿ ನೀಲಗಿರಿ ಕೋಲಿನ ಮೊನೆ ಅಪ್ಪನ ಅಂಗಾಲಿಗೆ ಚುಚ್ಚಿತ್ತು. ಹದಿನೈದು ವರ್ಷದ ಸಕ್ಕರೆ ಕಾಯಿಲೆ, ಪಾದ ಜೋಮು ಹಿಡಿದಿದೆ. ಅವರಿಗೆ ಗೊತ್ತೇ ಆಗಲಿಲ್ಲ. ಎರಡು ದಿನದ ಮೇಲೆ ಅಮ್ಮ ನೆಲದ ಮೇಲೆ ರಕ್ತದ ಗುರುತು ನೋಡಿ ನನಗೆ ಫೋನ್ ಮಾಡಿದಳು. ನಾನು ಕೋಲಾರದಲ್ಲಿ ಸರ್ಜಿಕಲ್ ವಾರ್ಡಿನ ನರ್ಸ್. ಅಲ್ಲಿಂದ ಮುಂದೆ ಯಾವ ಡ್ರೆಸಿಂಗ್ ಕಟ್ಟಿದೆ, ಬಿಚ್ಚಿದಾಗ ಏನು ಕಂಡಿತು, ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ.

ಮೊದಲು ಸರ್ಜನ್‌ಗೆ ತೋರಿಸಿದೆವು. ಪಾದದ ನಾಡಿ ಚೆನ್ನಾಗಿತ್ತು. ಎಕ್ಸ್‌ರೇಯಲ್ಲಿ ಮೂಳೆ ಸರಿಯಿತ್ತು. ಸತ್ತ ಚರ್ಮ ಕತ್ತರಿಸಿ ತೆಗೆದರು, ಮಾತ್ರೆ ಬರೆದರು. ಇಷ್ಟು ಆಗದೆ ಯಾವ ಡ್ರೆಸಿಂಗ್ ಒಳ್ಳೆಯದು ಅಂತ ಮಾತಾಡಲೇಬಾರದು. ಪಾದಕ್ಕೆ ರಕ್ತವೇ ಸರಿಯಾಗಿ ಹರಿಯದಿದ್ದರೆ ಮೇಲೆ ಏನು ಕಟ್ಟಿದರೂ ಹುಣ್ಣು ಮುಚ್ಚುವುದಿಲ್ಲ.

ಆಮೇಲೆ ಅಳತೆ. ತಲೆಯಿಂದ ಪಾದದ ದಿಕ್ಕಿಗೆ ಉದ್ದ, ಅದಕ್ಕೆ ಅಡ್ಡಲಾಗಿ ಅಗಲ. ಪಕ್ಕದಲ್ಲಿ ಕಾಗದದ ಸ್ಕೇಲ್ ಇಟ್ಟು ಫೋಟೊ. ಮೊದಲ ದಿನ 3 ಸೆಂ.ಮೀ. ಉದ್ದ, 2 ಸೆಂ.ಮೀ. ಅಗಲ. ತಳ ಅರ್ಧ ಕೆಂಪು, ಅರ್ಧ ಹಳದಿ. ಸೋರುವುದು ಜಾಸ್ತಿ. ಅಂಚು ಬಿಳಿಚಿಕೊಂಡು ನೆನೆದಂತಿತ್ತು.

ಅಯೋಡಿನ್ ಅದ್ದಿದ ಗಾಜ್ (ಗಾಯಕ್ಕೆ ಕಟ್ಟುವ ಜಾಳು ಬಟ್ಟೆ). ನಾನು ರಜೆ ಹಾಕಿ ಊರಿಗೆ ಹೋಗುವಷ್ಟರಲ್ಲಿ ಹತ್ತಿರದ ಕ್ಲಿನಿಕ್ಕಿನಲ್ಲಿ ಇದನ್ನೇ ಶುರು ಮಾಡಿದ್ದರು. ನಾನೂ ಒಂದು ವಾರ ಮುಂದುವರಿಸಿದೆ. ನಂಜು ಇರುವ ಗಾಯಕ್ಕೆ ಸ್ವಲ್ಪ ದಿನ ಇದು ಬೇಕಾಗುತ್ತದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಗಾಜ್ ಒಣಗಿ ಗಾಯಕ್ಕೆ ಅಂಟಿಕೊಳ್ಳುತ್ತದೆ. ಎಳೆದರೆ ಹೊಸದಾಗಿ ಬಂದ ಕೆಂಪು ಮಾಂಸವೂ ಕಿತ್ತು ಬರುತ್ತದೆ. ಬೇರೆಯವರಾದರೆ ಚೀರುತ್ತಾರೆ, ನಾವು ಕೈ ತಡೆಯುತ್ತೇವೆ. ಅಪ್ಪ ಮಾತ್ರ "ನೋವೇ ಇಲ್ಲಮ್ಮಾ, ಎಳಿ" ಅಂದರು. ಅವತ್ತು ನನಗೆ ನಿಜವಾಗಿ ಭಯವಾಯಿತು. ವಾರದ ಕೊನೆಗೂ ಅಳತೆ ಅದೇ 3 ಮತ್ತು 2.

ಸಲೈನ್ ಗಾಜ್. ನಾರ್ಮಲ್ ಸಲೈನ್‌ನಲ್ಲಿ, ಅಂದರೆ ಶುದ್ಧೀಕರಿಸಿದ ಉಪ್ಪುನೀರಿನಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ಗಾಯದ ಒಳಗೆ ಮಾತ್ರ ಸಡಿಲವಾಗಿ ಇಡಬೇಕು. ಸುತ್ತಲಿನ ಚರ್ಮದ ಮೇಲೆ ಹರಡಬಾರದು. ಮೇಲೆ ಒಣ ಪ್ಯಾಡ್. ಅಪ್ಪನಿಗೆ ಕಟ್ಟಿದ ನಾಲ್ಕು ಬಗೆಯಲ್ಲಿ ಅತಿ ಅಗ್ಗ ಇದೇ. ಎರಡನೇ ವಾರಕ್ಕೆ ಹಳದಿ ಕಡಿಮೆಯಾಗಿ ತಳ ಕೆಂಪಗಾಯಿತು. ತೊಂದರೆ ಇರುವುದು ದುಡಿಮೆಯಲ್ಲಿ. ದಿನಕ್ಕೆ ಎರಡು ಸಲ ಬದಲಿಸಬೇಕು. ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಬೆಳಗ್ಗೆ ಇಟ್ಟ ಗಾಜ್ ಮಧ್ಯಾಹ್ನಕ್ಕೇ ಒಣಗುತ್ತಿತ್ತು. ಒಣಗಿದರೆ ಮತ್ತೆ ಮೊದಲಿನ ಕಥೆಯೇ. ಅಮ್ಮನಿಗೆ ಒಂದು ಮಾತು ಕಲಿಸಿದೆ: ಅಂಟಿದ್ದರೆ ಎಳೆಯಬೇಡ, ಸಲೈನ್ ಸುರಿದು ಐದು ನಿಮಿಷ ಕಾಯಿ.

"ಗಾಯಕ್ಕೆ ಗಾಳಿ ಆಡಲಿ, ಒಣಗಲಿ" ಅಂತ ಊರಲ್ಲಿ ಎಲ್ಲರೂ ಹೇಳಿದರು. ಅರಿಶಿನ, ಕಾಫಿಪುಡಿ ತಂದವರೂ ಇದ್ದರು. ಪ್ರೀತಿಯಿಂದ ಹೇಳಿದ್ದು, ಬೇಜಾರಿಲ್ಲ. ಆದರೆ 1962ರಲ್ಲೇ ಜಾರ್ಜ್ ವಿಂಟರ್ ಅನ್ನುವವರು ಹಂದಿಗಳ ಮೇಲೆ ಪ್ರಯೋಗ ಮಾಡಿ ತೋರಿಸಿದ್ದರು: ತೆಳು ಪಾಲಿಥೀನ್ ಹಾಳೆ ಮುಚ್ಚಿ ತೇವ ಉಳಿಸಿದ ಮೇಲ್ಪದರದ ಗಾಯದಲ್ಲಿ, ಒಣಗಿ ಹೆಕ್ಕಳಿಕೆ ಕಟ್ಟಿದ ಗಾಯಕ್ಕಿಂತ ಸುಮಾರು ಎರಡು ಪಟ್ಟು ಬೇಗ ಹೊಸ ಚರ್ಮ ಬಂತು. ಹೊಸ ಜೀವಕೋಶ ಹರಿದು ಬರಲು ತೇವ ಬೇಕು. ಹೆಕ್ಕಳಿಕೆ ಇದ್ದರೆ ಅದರ ಕೆಳಗೆ ನುಸುಳಿಕೊಂಡು ಬರಬೇಕು.

ಪ್ಯಾರಾಫಿನ್ ಗಾಜ್, ಅಂದರೆ ವ್ಯಾಸಲೀನಿನಂಥ ಜಿಡ್ಡು ಸವರಿದ ಗಾಜ್. ಅಂಟುವುದಿಲ್ಲ, ಬಿಚ್ಚುವಾಗ ಸಲೀಸು. ಆದರೆ ಸೋರುವುದನ್ನು ಹೀರುವುದಿಲ್ಲ. ಅಪ್ಪನ ಹುಣ್ಣಿಗೆ ಮೂರೇ ದಿನಕ್ಕೆ ಬಿಟ್ಟೆ. ತರಚು ಗಾಯ, ಸಣ್ಣ ಸುಟ್ಟ ಗಾಯಕ್ಕೆ ಇವತ್ತಿಗೂ ನಾನು ಮೊದಲು ಕೈ ಹಾಕುವುದು ಇದಕ್ಕೇ.

ಫೋಮ್, ಅಂದರೆ ಸ್ಪಂಜಿನಂಥ ಮೆತ್ತನೆಯ ಪ್ಯಾಡ್. ಮೂರನೇ ವಾರದಿಂದ ಇದನ್ನು ಹಾಕಿದೆ. ಒಂದು ತುಂಡಿನ ದುಡ್ಡಿಗೆ ಒಂದು ವಾರದ ಗಾಜ್ ಬರುತ್ತದೆ. ಹಾಗಾಗಿ ಕೊಳ್ಳುವಾಗ ಕೈ ಹಿಂದೆ ಬರುತ್ತದೆ, ನಿಜ. ಆದರೆ ಮೂರು ದಿನಕ್ಕೊಮ್ಮೆ ಬದಲಿಸಿದರೆ ಸಾಕಾಯಿತು. ಸೋರಿದ್ದನ್ನು ಹೀರಿಕೊಂಡು, ತಳವನ್ನು ಮಾತ್ರ ತೇವವಾಗಿಟ್ಟಿತು. ಬಿಳಿಚಿದ್ದ ಅಂಚು ಸರಿಹೋಯಿತು. ಪ್ರತಿ ಸಲ ಕ್ಲಿನಿಕ್ಕಿಗೆ ಆಟೋ, ಜೊತೆಗೆ ಹೋಗುವವರ ಒಂದು ದಿನದ ಕೂಲಿ, ಎಲ್ಲ ಸೇರಿಸಿ ಲೆಕ್ಕ ಹಾಕಿದರೆ ನಮಗೆ ಇದೇ ಅಗ್ಗವಾಯಿತು. ಮನೆಯಲ್ಲೇ ದಿನಾ ಕಟ್ಟುವವರಿದ್ದರೆ ಸಲೈನ್ ಗಾಜ್ ಸಾಕು, ಸುಮ್ನೆ ಸಾಲ ಮಾಡಿ ಫೋಮ್ ತರಬೇಡಿ.

ಹೈಡ್ರೊಕೊಲಾಯ್ಡ್ ಪಟ್ಟಿಯನ್ನು (ಗಾಯದ ಮೇಲೆ ಅಂಟಿ ಕೂತು, ಸೋರಿದ್ದನ್ನು ಹೀರಿ ಲೋಳೆಯಾಗುವ ಪಟ್ಟಿ) ಅಪ್ಪನಿಗೆ ಹಾಕಲಿಲ್ಲ. ನಂಜಿನ ಅನುಮಾನ ಇರುವ ಸಕ್ಕರೆ ಕಾಯಿಲೆಯ ಪಾದವನ್ನು ದಿನಗಟ್ಟಲೆ ಮುಚ್ಚಿಡುವ ಧೈರ್ಯ ನನಗಿಲ್ಲ. ಪಕ್ಕದ ಮನೆಯ ಅಜ್ಜಿಗೆ ಬಾಲಮೂಳೆಯ ಹತ್ತಿರ ಬೆಡ್ ಸೋರ್ ಆಗಿತ್ತು. ಮೇಲ್ಪದರ ಮಾತ್ರ ಕಿತ್ತಿತ್ತು, ತಳ ಶುಭ್ರವಾಗಿತ್ತು. ಅಲ್ಲಿ ಹಾಕಿದೆ. ಐದನೇ ದಿನ ಬಿಚ್ಚಿದಾಗ ಹಳದಿ ಲೋಳೆ, ಒಂಥರಾ ವಾಸನೆ. ಸೊಸೆ "ಅಕ್ಕಾ, ಕೀವು ಆಗಿಬಿಟ್ಟಿದೆ" ಅಂತ ಅತ್ತೇ ಬಿಟ್ಟಳು. ಅದು ಪಟ್ಟಿಯೇ ಕರಗಿ ಆದ ಲೋಳೆ. ತೊಳೆದು ನೋಡಿದರೆ ಕೆಳಗೆ ಗುಲಾಬಿ ಚರ್ಮ. ತೊಳೆದ ಮೇಲೂ ವಾಸನೆ ಉಳಿದರೆ, ಅಥವಾ ಸುತ್ತ ಕೆಂಪಗೆ ಬಿಸಿಯಾಗಿದ್ದರೆ ಮಾತ್ರ ಡಾಕ್ಟರ ಹತ್ತಿರ ಓಡಬೇಕು. ಆ ಸೊಸೆ ಎರಡು ಗಂಟೆಗೊಮ್ಮೆ ಅಜ್ಜಿಯ ಮಗ್ಗುಲು ಬದಲಿಸುತ್ತಿದ್ದಳು, ರಾತ್ರಿ ಅಲಾರಂ ಇಟ್ಟುಕೊಂಡು. ವಾಸಿಯಾದ ಪುಣ್ಯದಲ್ಲಿ ಹೆಚ್ಚು ಪಾಲು ಅವಳದೇ.

ಅಪ್ಪನ ವಿಷಯದಲ್ಲೂ ಹಾಗೆಯೇ. ಫೋಮ್ ಹಾಕಿದ ದಿನವೇ ತೋಟಕ್ಕೆ ಹೋಗುವುದನ್ನು ನಿಲ್ಲಿಸಿದೆವು. ಹುಣ್ಣಿನ ಮೇಲೆ ಭಾರ ಬೀಳದ ಹಾಗೆ ಫೆಲ್ಟ್ ಪ್ಯಾಡ್ ಕತ್ತರಿಸಿ ಕಟ್ಟಿದೆವು. ಹಾಗಾಗಿ ಗೆದ್ದದ್ದು ಫೋಮ್ ಒಂದೇ ಅಂತ ನಾನು ಹೇಳಲಾರೆ. ಪಾದದ ಹುಣ್ಣಿನ ವಿಸ್ತೀರ್ಣ ನಾಲ್ಕು ವಾರಕ್ಕೆ ಅರ್ಧದಷ್ಟಾದರೂ ಕುಗ್ಗದಿದ್ದರೆ ಚಿಕಿತ್ಸೆಯನ್ನೇ ಮತ್ತೆ ಯೋಚಿಸಬೇಕು. ನಾಲ್ಕನೇ ವಾರ ನಮ್ಮ ಅಳತೆ 2 ಮತ್ತು 1.3. ಉದ್ದ, ಅಗಲ ಗುಣಿಸಿದರೆ 6 ಇದ್ದದ್ದು 2.6ಕ್ಕೆ ಇಳಿದಿತ್ತು, ಅರ್ಧಕ್ಕಿಂತ ಕಡಿಮೆ. ಅವತ್ತು ನೋಟ್‌ಬುಕ್ ತೆಗೆದು ಅಮ್ಮನಿಗೆ ತೋರಿಸಿದೆ.

ಹನ್ನೊಂದನೇ ವಾರ ಹುಣ್ಣು ಮುಚ್ಚಿತು. ಆದರೂ ಮಾಗಿದ ಜಾಗ ಹಳೆಯ ಚರ್ಮದ ಸುಮಾರು 80% ಗಟ್ಟಿತನಕ್ಕಿಂತ ಮೇಲೆ ಹೋಗುವುದಿಲ್ಲ, ಅದಕ್ಕೂ ತಿಂಗಳುಗಳು ಬೇಕು. ಅಪ್ಪ ಈಗ ಎಂಸಿಆರ್ ಚಪ್ಪಲಿ (ಜೋಮು ಹಿಡಿದ ಪಾದಕ್ಕೆ ಮೆತ್ತನೆಯ ರಬ್ಬರಿನಲ್ಲಿ ಮಾಡಿದ್ದು) ಇಲ್ಲದೆ ಅಂಗಳಕ್ಕೂ ಇಳಿಯುವುದಿಲ್ಲ. ರಾತ್ರಿ ಊಟ ಆದ ಮೇಲೆ ಅಮ್ಮ ಟಾರ್ಚ್ ಹಿಡಿದು ಎರಡೂ ಅಂಗಾಲು ನೋಡುತ್ತಾಳೆ, ಬೆರಳಿನ ಸಂದು ಸಮೇತ.