ಮೆಟೀರಿಯಲ್ 3: ಕನ್ನಡ–ಇಂಗ್ಲಿಷ್ ಆ್ಯಪ್‌ಗಳ ಬಟನ್ ಬರಹಕ್ಕೆ ಎಷ್ಟು ಒಗ್ಗುತ್ತದೆ?

ಆ್ಯಪ್‌ಗಳ ನೋಟಕ್ಕೆಂದು ಗೂಗಲ್ 2021ರಲ್ಲಿ ತಂದ ವಿನ್ಯಾಸ ನಿಯಮಾವಳಿ ಮೆಟೀರಿಯಲ್ 3 ಮಾಡಿದ ದೊಡ್ಡ ಉಪಕಾರವೆಂದರೆ, ಬಟನ್‌ಗಳ ಮೇಲಿನ ಪೂರ್ತಿ ಕ್ಯಾಪಿಟಲ್ ಬರಹವನ್ನು ಕೈಬಿಟ್ಟದ್ದು. ಹಿಂದಿನ ಆವೃತ್ತಿ ಇಂಗ್ಲಿಷ್ ಬರಹವನ್ನು ತಾನಾಗಿಯೇ ಕ್ಯಾಪಿಟಲ್ ಮಾಡಿ, ಅಕ್ಷರಗಳ ನಡುವೆ 1.25 ಎಸ್‌ಪಿ (ಆಂಡ್ರಾಯ್ಡ್‌ನಲ್ಲಿ ಬರಹದ ಅಳತೆಯ ಮಾನ) ಜಾಗ ಸೇರಿಸುತ್ತಿತ್ತು. ಕ್ಯಾಪಿಟಲ್‌ಗಳಿಗೆ ಆ ಜಾಗ ಬೇಕು, ಇಲ್ಲದಿದ್ದರೆ ಇಕ್ಕಟ್ಟಾಗುತ್ತದೆ. ಕನ್ನಡದಲ್ಲಿ ಕ್ಯಾಪಿಟಲ್ ಎಂಬುದೇ ಇಲ್ಲ. ಅದೇ ಸ್ಟೈಲ್ 'ರದ್ದುಮಾಡಿ' ಮೇಲೆ ಬಿದ್ದಾಗ ಅಕ್ಷರ ಬದಲಾಗದೆ ಜಾಗ ಮಾತ್ರ ಸೇರಿಕೊಂಡು ಪದ ಚೆದುರಿದಂತೆ ಕಾಣುತ್ತಿತ್ತು. ಎರಡೂ ಭಾಷೆಯ ಬಟನ್ ಅಕ್ಕಪಕ್ಕ ಬಂದರೆ ಇಂಗ್ಲಿಷಿನದೇ ಮುಖ್ಯವೆಂಬ ಭ್ರಮೆ ಬೇರೆ.

ಈಗಿರುವುದು ಸೆಂಟೆನ್ಸ್ ಕೇಸ್: ಮೊದಲ ಪದದ ಮೊದಲಕ್ಷರ, ಅಂಕಿತನಾಮಗಳು, ಅಷ್ಟೇ ಕ್ಯಾಪಿಟಲ್. ಬಟನ್‌ನಲ್ಲಿ ಅಕ್ಷರಗಳ ನಡುವಿನ ಜಾಗ 0.1 ಎಸ್‌ಪಿ. ಬರಹದ ಅಗಲ ತಗ್ಗುತ್ತದೆ. ಮುಖ್ಯ ಪದಗಳೆಲ್ಲ ದೊಡ್ಡಕ್ಷರದಿಂದ ಶುರುವಾಗುವ ಟೈಟಲ್ ಕೇಸ್‌ನಲ್ಲಿ 'ಟು', 'ವಿತ್' ಮೊದಲಾದ ಪದಗಳು ದೊಡ್ಡವೋ ಸಣ್ಣವೋ ಎಂದು ಅನುವಾದಕರು ಪ್ರತಿ ಸಲ ಕೇಳುವುದೂ ತಪ್ಪುತ್ತದೆ. ಆದರೆ ಮ್ಯಾಕ್ ಕಂಪ್ಯೂಟರಿನ ಮೆನುಗಳಿಗೆ ಟೈಟಲ್ ಕೇಸೇ ರೂಢಿ, ಅಲ್ಲಿ ಅದನ್ನೇ ಪಾಲಿಸಬೇಕು.

ಬ್ರ್ಯಾಂಡ್‌ಗೆ ಕ್ಯಾಪಿಟಲ್ ಬೇಕೇ ಬೇಕೆಂದರೆ ಸ್ಟ್ರಿಂಗ್ ಫೈಲ್‌ನಲ್ಲಿ (ಆ್ಯಪ್‌ನ ಬರಹಗಳನ್ನು ಇಡುವ ಕಡತ) ಹಾಗೆ ಟೈಪ್ ಮಾಡಬೇಡಿ. ಆಮೇಲೆ ಮನಸ್ಸು ಬದಲಾದರೆ ಪ್ರತಿ ಸಾಲನ್ನೂ ತಿದ್ದಬೇಕಾದೀತು. ಬರಹವನ್ನು ಪೂರ್ತಿ ಕ್ಯಾಪಿಟಲ್ ಮಾಡುವ 'ಟೆಕ್ಸ್ಟ್ ಆಲ್ ಕ್ಯಾಪ್ಸ್' ಗುಣಕ್ಕೆ ಒಂದು ಬೂಲಿಯನ್ ರಿಸೋರ್ಸ್ (ಟ್ರೂ ಅಥವಾ ಫಾಲ್ಸ್ ಎಂಬ ಬೆಲೆ) ಕೊಟ್ಟು, ಇಂಗ್ಲಿಷ್ ಫೋಲ್ಡರ್‌ನಲ್ಲಿ ಮಾತ್ರ ಅದನ್ನು ಟ್ರೂ ಮಾಡಿ. ಟರ್ಕಿಶ್ ಭಾಷೆಯನ್ನೂ ಸೇರಿಸುವವರು ಲೊಕೇಲ್ (ಭಾಷೆ–ಪ್ರದೇಶದ ಸೆಟ್ಟಿಂಗ್) ಸರಿಯಾಗಿದೆಯೇ ನೋಡಿಕೊಳ್ಳಿ: ಅಲ್ಲಿ ಸಣ್ಣ 'ಐ' ದೊಡ್ಡದಾದಾಗಲೂ ತಲೆಯ ಮೇಲಿನ ಚುಕ್ಕೆ ಉಳಿಯಬೇಕು.

ಕೊರತೆ ಇರುವುದು ಸಾಲಿನ ಎತ್ತರದಲ್ಲಿ. ಬಟನ್ ಬರಹ 14 ಎಸ್‌ಪಿ, ಸಾಲಿಗೆ 20. ಇದು ಲ್ಯಾಟಿನ್ ಲಿಪಿಯ ಅಳತೆ. ಆಂಡ್ರಾಯ್ಡ್‌ನ ಸಾಮಾನ್ಯ ಫಾಂಟ್ ರೋಬೊಟೊದಲ್ಲಿ ಕನ್ನಡ ಇಲ್ಲದ್ದರಿಂದ ಆಂಡ್ರಾಯ್ಡ್ ನೋಟೊ ಸಾನ್ಸ್ ಕನ್ನಡ ಎಂಬ ಫಾಂಟ್‌ಗೆ ಹೋಗುತ್ತದೆ. 'ರಾಷ್ಟ್ರೀಯ' ಎಂಬಲ್ಲಿ ಎರಡು ಒತ್ತು ಕೆಳಗಿಳಿಯುತ್ತವೆ. ಬರಹ ಎರಡು ಸಾಲಾದರೆ ಮೇಲಿನ ಒತ್ತು ಕೆಳಗಿನ ಗುಡಿಸಿಗೆ ತಾಗುವ ಅಪಾಯವಿದೆ. ಕನ್ನಡಕ್ಕೆ 24 ಎಸ್‌ಪಿ ಕೊಡಿ. ಬಟನ್ ಎತ್ತರವನ್ನು 40 ಡಿಪಿಗೆ (ಆಂಡ್ರಾಯ್ಡ್‌ನಲ್ಲಿ ತೆರೆಯ ಮೇಲಿನ ಅಳತೆಯ ಮಾನ) ಕಟ್ಟಿಹಾಕದೆ ಅದನ್ನು ಕನಿಷ್ಠ ಎತ್ತರವಾಗಿ ಇಡಿ, ಬರಹ ಬೆಳೆದಂತೆ ಬಟನ್ನೂ ಬೆಳೆಯಲಿ. ಆಂಡ್ರಾಯ್ಡ್ 15, ಅಂದರೆ ಡೆವಲಪರ್‌ಗಳು ಎಪಿಐ 35 ಎನ್ನುವ ಆವೃತ್ತಿಯನ್ನು ಗುರಿಯಾಗಿಟ್ಟ ಆ್ಯಪ್‌ಗಳಲ್ಲಿ 'ಎಲಿಗೆಂಟ್ ಟೆಕ್ಸ್ಟ್ ಹೈಟ್' ತಾನಾಗಿಯೇ ಆನ್ ಆಗಿ, ಕುಗ್ಗಿಸಿದ ಕನ್ನಡ ಫಾಂಟ್‌ನ ಬದಲು ಪೂರ್ಣ ಎತ್ತರದ್ದು ಬರುತ್ತದೆ. ಹಳೆಯ ಗುರಿಯಿದ್ದರೆ ನೀವೇ ಆನ್ ಮಾಡಬೇಕು.

ತೆರೆಯ ಬುಡದ ನ್ಯಾವಿಗೇಶನ್ ಪಟ್ಟಿಯನ್ನು ಬೇರೆಯಾಗಿ ನೋಡಿ. ಅಲ್ಲಿನ 12 ಎಸ್‌ಪಿ ಬರಹಕ್ಕೆ ಇನ್ನೂ 0.5 ಎಸ್‌ಪಿ ನಡುಜಾಗ ಉಳಿದಿದೆ. ಕನ್ನಡ ಆವೃತ್ತಿಯಲ್ಲಿ ಅದನ್ನು ಸೊನ್ನೆ ಮಾಡಿ.